ಹೋಲ್ಡಾನ್ ಮೇಡಂ

ಪಾರ್ಕಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಮೇಲೆ ಅವರ ಫೋಟೋ, ಯಾವುದೋ ಮದುವೆಯಲ್ಲಿ ತೆಗೆದದ್ದು, ಪಕ್ಕದಲ್ಲಿ ನಿಂತಿದ್ದವರ ಅರ್ಧ ಭುಜ ಇನ್ನೂ ಹಾಗೇ ಇದೆ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಅದರ ಕೆಳಗೆ ದಪ್ಪಕ್ಷರದಲ್ಲಿ ‘ನಮ್ಮ ಬಡಾವಣೆಯ ಬ್ರಿಲಿಯಂಟ್ ಚೆಸ್ ಗುರು’, ಅದರ ಮುಂದೆ ಎರಡು ಆಶ್ಚರ್ಯಸೂಚಕ ಚಿಹ್ನೆ. ಫೋನಿನ ಚೆಸ್ ಆ್ಯಪಿನಲ್ಲಿ ಹೇಗೆ ಬರುತ್ತದೋ ಹಾಗೇ, ಅದೇ ನೀಲಿಹಸಿರು ಬಣ್ಣದಲ್ಲಿ. ಬರೆಸಿದವರಿಗೆ ನಾಚಿಕೆಯಾಗಬೇಕು. ಇದೇ ಜನ, ಇದೇ ಎರಡು ಚಿಹ್ನೆ ತಮ್ಮ ಮಕ್ಕಳಿಗೆ ಬರುತ್ತಿಲ್ಲ ಅಂತ, ಐದು ವರ್ಷದ ಹಿಂದೆ ಆ ಹೆಂಗಸನ್ನು ಇದೇ ಪಾರ್ಕಿನಿಂದ ಎಬ್ಬಿಸಿ ಕಳಿಸಿದ್ದರು.

ಇದೇ ಜನ ಅಂದೆ. ಆ ಜನದಲ್ಲಿ ನಾನೂ ಒಬ್ಬಳು. ಅದನ್ನೂ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರು ಹಿಡಿದು ಕರೆದವರು ಕಡಿಮೆ. ಮಕ್ಕಳಿಗೆ ಅವರು ಹೋಲ್ಡಾನ್ ಮೇಡಂ. ಸುಂಕದಕಟ್ಟೆಯಿಂದ ಮಾರ್ಕೆಟ್ಟಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಕೂಗುವ ಆ ಒಂದು ಮಾತು ನಿವೃತ್ತಿಯ ಮೇಲೂ ಅವರ ನಾಲಿಗೆಯಿಂದ ಇಳಿಯಲಿಲ್ಲ. ಯಾವ ಮಗುವಾದರೂ ದುಡುಕಿ ಕುದುರೆಗೆ ಕೈಹಾಕಿದರೆ ನಾಲ್ಕು ಬೆಂಚಿನಾಚೆಯಿಂದ “ಹೋಲ್ಡಾನ್, ಹೋಲ್ಡಾನ್!” ಎಂದು ಕೂಗು ಬರುತ್ತಿತ್ತು. ವಾಕಿಂಗಿಗೆ ಬಂದವರೂ ನಿಂತುಬಿಡುತ್ತಿದ್ದರು. ಮಗು ಯೋಚಿಸಿ ಬೇರೆ ಕಾಯಿ ನಡೆಸಿದರೆ “ರೈಟ್, ರೈಟ್”. ಅದೇ ಅವರ ಶಹಬ್ಬಾಸ್‌ಗಿರಿ.

ನಿಂತರೆ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು, ನೆಲ ಯಾವಾಗ ಬೇಕಾದರೂ ಬ್ರೇಕ್ ಹಾಕೀತು ಅನ್ನುವಂತೆ. ಕಂಡಕ್ಟರುಗಳು ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಹಿಡಿಯುತ್ತಾರಲ್ಲ, ಎದುರಾಳಿಯಿಂದ ಹೊಡೆದ ಕಾಯಿಗಳನ್ನು ಅವರು ಹಾಗೆ ಹಿಡಿಯುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಎಡಗೈ ತುಂಬ ಸೈನಿಕರು, ಒಂಟೆಗಳು. ಗೋಡೆಯ ಮೇಲೆ ಏನು ಅಂಟಿಸಿದ್ದರೂ ನಿಂತು ಪೂರ್ತಿ ಓದುತ್ತಿದ್ದರು: ಬಾಡಿಗೆಗಿದೆ, ಕಾಣೆಯಾಗಿದ್ದಾರೆ, ಆಧಾರ್ ಕ್ಯಾಂಪು, ಯಾವುದನ್ನೂ ಬಿಡುವಂತಿಲ್ಲ. “ಡಿಪೋ ಬೋರ್ಡಲ್ಲಿ ಡ್ಯೂಟಿ ಚಾರ್ಟ್ ಹಾಕೋರು ಟೀಚರ್. ಒಂದಿನ ಓದ್ದೆ ಹೋದ್ರೆ ಆಬ್ಸೆಂಟು. ಅಭ್ಯಾಸ ಆಗ್ಬಿಟ್ಟಿದೆ,” ಅನ್ನುತ್ತಿದ್ದರು.

ಚೆಸ್ ಕಲಿತದ್ದೂ ಡಿಪೋದಲ್ಲೇ. ಶಿಫ್ಟಿನ ನಡುವೆ ಡ್ರೈವರುಗಳು ರಟ್ಟಿನ ಮೇಲೆ ಗೆರೆ ಎಳೆದು ಆಡುತ್ತಿದ್ದರಂತೆ, ಕಳೆದುಹೋದ ಕಾಯಿಗಳ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ. ಹೆಂಗಸರನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಇವರು ಒಂದು ವರ್ಷ ಊಟದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತು ನೋಡಿದರು. ಆಮೇಲೊಂದು ದಿನ ಒಬ್ಬ ಡ್ರೈವರು ರಜೆ ಹಾಕಿದ್ದಾಗ ಅವನ ಜಾಗದಲ್ಲಿ ಕೂತರು. “ಎದ್ದೇಳಿ ಅಂತ ಯಾರೂ ಅನ್ಲಿಲ್ಲ, ಯಾಕಂದ್ರೆ ಗೆದ್ದೆ,” ಅಂತ ಒಂದೇ ಒಂದು ಸಲ ನನ್ನ ಹತ್ತಿರ ಜಂಬ ಕೊಚ್ಚಿಕೊಂಡಿದ್ದರು.

ನಿವೃತ್ತಿಯಾದ ಮೇಲೆ ಮಾರೇನಹಳ್ಳಿಗೆ, ನಮ್ಮ ಹಿಂದಿನ ರಸ್ತೆಗೆ ತಂಗಿಯ ಜೊತೆ ಬಾಡಿಗೆಗೆ ಬಂದರು. ಪಾರ್ಕಿನ ಮೂಲೆಯಲ್ಲಿ ಒಂದು ಶೀಟಿನ ಮಂಟಪವಿದೆ, ನಾಲ್ಕು ಕಲ್ಲುಬೆಂಚು. ಅಲ್ಲಿ ಭಾನುವಾರ ಬೆಳಗ್ಗೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಶುರುಮಾಡಿದರು. ಫೀಸಿಲ್ಲ. ನಾನು ಹೈಸ್ಕೂಲಿನ ಗಣಿತದ ಟೀಚರ್ ಎಂದು ಗೊತ್ತಾದದ್ದೇ ಹಿಡಿದುಕೊಂಡರು. “ಟೀಚರ್, ಒಂದು ಹಾಜರಿ ಪುಸ್ತಕ ಹಾಕ್ಕೊಡಿ. ಬರೋದು ಬಿಡೋದು ಅವರಿಷ್ಟ, ಆದ್ರೆ ಬಂದಿಲ್ಲ ಅಂತ ನಮಗೆ ಗೊತ್ತಾಗ್ಬೇಕು.”

ಅವರ ಮೊದಲ ಪಾಠ ಎಲ್ಲ ಮಕ್ಕಳಿಗೂ ಒಂದೇ. ರಾಜನನ್ನು ಮೂಲೆಗೆ ಸೇರಿಸಿ ಮುಂದೆ ಮೂರು ಸೈನಿಕರನ್ನು ನಿಲ್ಲಿಸಿದ ಮೇಲೆ ಮಕ್ಕಳು ಅವನನ್ನು ಮರೆತುಬಿಡುತ್ತಾರೆ. ಎದುರಾಳಿಯ ಆನೆ ಹಿಂದಿನ ಸಾಲಿಗೆ ಇಳಿದರೆ ಮುಗಿಯಿತು, ತನ್ನ ಸೈನಿಕರೇ ಗೋಡೆಯಾಗಿ ರಾಜ ಅಲ್ಲೇ ಸಾಯುತ್ತಾನೆ. ಅದಕ್ಕೇ ಬಿಡುವು ಸಿಕ್ಕಾಗ ಅಂಚಿನ ಸೈನಿಕನನ್ನು ಒಂದೇ ಒಂದು ಮನೆ ಮುಂದೆ ತಳ್ಳಿಡಬೇಕು. ಅದಕ್ಕೆ ಅವರಿಟ್ಟ ಹೆಸರು ಕಿಟಕಿ. “ರಾಜಂಗೊಂದು ಕಿಟಕಿ ಇಟ್ಟಿದೀಯಾ? ಹಿಂದಿನ ಬಾಗ್ಲು ನೋಡ್ದೆ ವಿಷಲ್ ಹೊಡೀಬೇಡ ಕಣೋ.”

ಆ ಹಿಂದಿನ ಬಾಗಿಲಿನ ಮಾತಿಗೆ ಒಂದು ಕಾರಣವಿತ್ತು. ತರಕಾರಿ ತರುವಾಗ ದಾರಿಯಲ್ಲಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಹಿಂದೆ ತಿರುಗಿ ನೋಡದೆ ವಿಷಲ್ ಊದಿಬಿಟ್ಟರು. ಬಸ್ಸು ಹೊರಟಿತು. ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಆ ಅಜ್ಜಿಯ ಮನೆ ದೀಪಾಂಜಲಿ ನಗರದಲ್ಲಿ. ಇವರು ಪ್ರತಿ ವಾರದ ರಜೆಗೂ ಅಲ್ಲಿಗೆ ಹೋಗಿ ಅಡುಗೆ ಮಾಡಿಟ್ಟು, ಬಟ್ಟೆ ಒಗೆದು ಬರುತ್ತಿದ್ದರಂತೆ, ಅಜ್ಜಿ ಮತ್ತೆ ಗೋಡೆ ಹಿಡಿದು ನಡೆಯುವವರೆಗೂ. “ಅದಾದ್ಮೇಲೆ ನನ್ನ ಗಾಡೀಲಿ ಒಬ್ಬರೂ ಬೀಳ್ಲಿಲ್ಲ ಟೀಚರ್. ಬೀಳ್ದೇ ಇದ್ದೋರಿಗೆ ಗೊತ್ತಾಗುತ್ತಾ, ತಾವು ಬೀಳ್ಲಿಲ್ಲ ಅಂತ?” ಎಂದು ನಕ್ಕರು. ನಾನು ನಗಲಿಲ್ಲ.

ಹೀಗೆ ಮೂರು ವರ್ಷ ಸುಖವಾಗಿ ನಡೆಯಿತು. ಆಮೇಲೆ ಎಲ್ಲರ ಫೋನಿಗೂ ಆ ಆ್ಯಪ್ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದರಲ್ಲಿ ಆಟ ಆಡಿ ಮುಗಿಸಿದ ಮೇಲೆ ಕಂಪ್ಯೂಟರು ಒಂದೊಂದು ನಡೆಗೂ ಬೆಲೆ ಕಟ್ಟುತ್ತದೆ. ಒಳ್ಳೆಯ ನಡೆಗೆ ಟಿಕ್ಕು, ಅದಕ್ಕಿಂತ ಒಳ್ಳೆಯದಿಲ್ಲ ಅನ್ನುವುದಕ್ಕೆ ನಕ್ಷತ್ರ, ಎಡವಟ್ಟಿಗೆ ಕೆಂಪು ಪ್ರಶ್ನಾರ್ಥಕ. ಇವೆಲ್ಲದರ ಮೇಲೆ ಅಪರೂಪಕ್ಕೊಮ್ಮೆ ಎರಡು ಆಶ್ಚರ್ಯಸೂಚಕ, ಬ್ರಿಲಿಯಂಟ್! ಅದು ಬಂತೋ, ಅಪ್ಪ ಅಮ್ಮ ಸ್ಕ್ರೀನ್‌ಶಾಟ್ ತೆಗೆದು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಉಳಿದವರು ಹೂವಿನ ಗುಚ್ಛ ಕಳಿಸುವುದು. ಬೇರೆ ಕಡೆ ಕೋಚಿಂಗಿಗೆ ಹೋಗುವ ಮಕ್ಕಳಿಗೆ ಅದು ಬರುತ್ತಿತ್ತು. ನಮ್ಮ ಮಂಟಪದ ಮಕ್ಕಳಿಗೆ ಬರುತ್ತಿರಲಿಲ್ಲ. ಅವರು ಗೆಲ್ಲುತ್ತಿದ್ದರು, ಅದು ಬೇರೆ ಮಾತು. ಗೆದ್ದದ್ದನ್ನು ಯಾರು ಕೇಳುತ್ತಾರೆ?

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸೆಕ್ರೆಟರಿಯ ಮಗಳೂ ಅಲ್ಲಿ ಕಲಿಯುತ್ತಿದ್ದಳು. ಹತ್ತು ವರ್ಷದ ಚುರುಕು ಹುಡುಗಿ, ಮೇಡಂಗೆ ಅವಳೆಂದರೆ ಪ್ರಾಣ. ಒಂದು ಭಾನುವಾರ ಸೆಕ್ರೆಟರಿ ಫೋನು ಹಿಡಿದುಕೊಂಡೇ ಬಂದರು.

“ಮೇಡಂ, ತಪ್ಪು ತಿಳ್ಕೋಬೇಡಿ. ಎರಡು ತಿಂಗಳಿಂದ ನೋಡ್ತಾ ಇದೀನಿ, ನಮ್ ಪಾಪುಗೆ ಒಂದೇ ಒಂದು ಬ್ರಿಲಿಯಂಟ್ ಇಲ್ಲ. ಬರೀ ಟಿಕ್ಕು. ನೀವೇನು ಕಲಿಸ್ತಾ ಇದೀರ?”

“ಕಿಟಕಿ ಇಡೋದು ಸಾರ್.”

“ಅದಕ್ಕೆ ಇದು ಟಿಕ್ಕೇ ಕೊಡೋದು!”

ನಾನಾಗಿದ್ದರೆ ಆ ಫೋನು ಕಿತ್ತುಕೊಂಡು ಪೊದೆಗೆ ಎಸೆಯುತ್ತಿದ್ದೆ. ಮೇಡಂ ಕನ್ನಡಕ ಏರಿಸಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದು ಯಾವಾಗ ಕೊಡುತ್ತೆ, ಯಾವಾಗ ಕೊಡಲ್ಲ, ನನಗೆ ಗೊತ್ತಿಲ್ಲ ಸಾರ್. ಒಂದು ತಿಂಗಳು ಟೈಮ್ ಕೊಡಿ,” ಎಂದರು. ತನ್ನನ್ನು ಹೀಯಾಳಿಸಿದ ಯಂತ್ರವನ್ನೂ ಮೊದಲು ಅರ್ಥ ಮಾಡಿಕೊಳ್ಳೋಣ ಅನ್ನುವ ಹೆಂಗಸು ಅದು. ನಮ್ಮ ಬಡಾವಣೆಯಲ್ಲಿ ಅಂಥವರು ಇನ್ನೊಬ್ಬರಿದ್ದರೆ ತೋರಿಸಲಿ.

ದಿನಕ್ಕೆ ಒಂದೇ ಆಟವನ್ನು ಆ ಆ್ಯಪ್ ಪುಕ್ಕಟೆಯಾಗಿ ಪರೀಕ್ಷಿಸಿ ಕೊಡುತ್ತಿತ್ತು. ಹಾಗಾಗಿ ದಿನಕ್ಕೊಂದು ಆಟ. ಸಂಜೆ ಶಾಲೆ ಮುಗಿಸಿ ನಾನೂ ಅವರ ಅಡುಗೆಮನೆಯ ಕಟ್ಟೆ ಹತ್ತಿ ಕೂರುತ್ತಿದ್ದೆ. ತಂಗಿ ಕಾಫಿ ಕೊಡುತ್ತಿದ್ದರು. ಮೇಡಂ ಆಡುವುದು, ಬಂದ ಗುರುತನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮರುದಿನ ಹೆಚ್ಚುಕಮ್ಮಿ ಅಂಥದೇ ಆಟ, ಒಂದು ನಡೆ ಮಾತ್ರ ಬದಲು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಪ್ರಯೋಗ ಮಾಡುವುದು ಹೀಗೆ ಅಂತ ನನ್ನ ಕ್ಲಾಸಿನ ಮಕ್ಕಳಿಗೆ ತೋರಿಸಬೇಕು ಅನ್ನಿಸುತ್ತಿತ್ತು.

ತಿಂಗಳಾದ ಮೇಲೆ ತಾಯಿತಂದೆಯರನ್ನೆಲ್ಲ ಮಂಟಪಕ್ಕೆ ಕರೆದು, ಬೋರ್ಡು ಇಟ್ಟುಕೊಂಡು ವಿವರಿಸಿದರು.

“ನೋಡಿ, ಇದಕ್ಕೆ ಭಾರಿ ಬುದ್ಧಿ ಇದೆ, ಆದ್ರೆ ಚಪ್ಪಾಳೆ ಹೊಡೆಯೋಕೆ ಅದರದ್ದೇ ರೂಲ್ಸು. ಒಂದು, ನೀವು ದೊಡ್ಡ ಕಾಯೊಂದನ್ನ ಬೇಕಂತಲೇ ಎದುರಾಳಿ ಬಾಯಿಗೆ ಕೊಡ್ಬೇಕು. ಕುದುರೆ, ಆನೆ, ಅಂಥದ್ದು. ಸೈನಿಕನ್ನ ಕೊಟ್ರೆ ಲೆಕ್ಕಕ್ಕಿಲ್ಲ. ಎರಡು, ಕೊಟ್ಟಿದ್ದು ಸರಿಯಾದ ನಡೆ ಆಗಿರ್ಬೇಕು, ಕೊಟ್ಟಮೇಲೆ ನೀವು ಸೋಲೋ ಹಾಗಿರ್ಬಾರ್ದು. ಮೂರು, ಇದು ಮುಖ್ಯ, ಕೊಡದೇ ಇದ್ರೂ ಗೆಲ್ತಾ ಇದ್ರಿ ಅಂದ್ರೆ ಆಗಲೂ ಇದು ಬ್ರಿಲಿಯಂಟ್ ಕೊಡಲ್ಲ. ಗೆದ್ದಿರೋ ಆಟದಲ್ಲಿ ರಾಣಿ ಕೊಟ್ರೆ ಅದು ಶೋಕಿ ಅಂತ ಅದಕ್ಕೂ ಗೊತ್ತು. ಇನ್ನೊಂದು, ಹೊಸಬರಿಗೆ ಸ್ವಲ್ಪ ಧಾರಾಳ, ಆಟ ಬಂದಷ್ಟೂ ಜಿಪುಣ.”

“ಅಂದ್ರೆ ಕಾಯಿ ಕೊಟ್ರೆ ಬರುತ್ತೆ,” ಎಂದರು ಸೆಕ್ರೆಟರಿ.

“ಕೊಡೋ ಪರಿಸ್ಥಿತಿ ಬಂದಾಗ ಕೊಟ್ರೆ ಬರುತ್ತೆ ಸಾರ್. ಆ ಪರಿಸ್ಥಿತಿ ಬರ್ದೇ ಇರೋ ಹಾಗೆ ಆಡಿದ್ರೆ ಟಿಕ್ಕು. ಯಂತ್ರದ್ದೇನೂ ತಪ್ಪಿಲ್ಲ. ಅದಕ್ಕೆ ಕಾಣೋದು ಕೊಟ್ಟಿದ್ದು. ತಪ್ಪಿಸಿದ್ದು ಕಾಣಲ್ಲ.”

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿ, ಮೊದಲನೇ ಮಾತನ್ನು ಮಾತ್ರ ಕಟ್ಟಿಕೊಂಡು ಮನೆಗೆ ಹೋದರು. ಅವತ್ತಿನಿಂದ ನಮ್ಮ ಬಡಾವಣೆಯ ಮನೆಮನೆಯಲ್ಲೂ ಸಂಜೆ ಅದೇ ಅಭ್ಯಾಸ. “ಕುದುರೆ ಕೊಡು ಪುಟ್ಟ. ಬರ್ಲಿಲ್ವಾ? ರಾಣಿ ಕೊಡು.” ಪರೀಕ್ಷೆಯಲ್ಲಿ ಮಾರ್ಕ್ಸ್ ಹೇಗೆ ಬರುತ್ತದೆ ಅಂತ ಹಳೇ ಪ್ರಶ್ನೆಪತ್ರಿಕೆ ಉರುಹೊಡೆಸುವ ಜನ ನಾವು. ಚೆಸ್ಸನ್ನೂ ಹಾಗೇ ಮಾಡಿದೆವು.

ರಾಜಾಜಿನಗರದ ಒಂದು ಶಾಲೆಯಲ್ಲಿ ಪಂದ್ಯ ನಡೆಯಿತು. ಸೆಕ್ರೆಟರಿಯ ಮಗಳು ಕೊನೆಯ ಸುತ್ತಿಗೆ ಬಂದಿದ್ದಳು. ಅವಳ ಹತ್ತಿರ ಒಂದು ಆನೆ ಹೆಚ್ಚಿಗಿತ್ತು. ಸುಮ್ಮನೆ ಅಂಚಿನ ಸೈನಿಕನನ್ನು ಒಂದು ಮನೆ ತಳ್ಳಿದ್ದರೆ ಟ್ರೋಫಿ ಅವಳದ್ದು. ಮೇಡಂ ಹಗ್ಗದಾಚೆ, ಕಾಲು ಅಗಲಿಸಿ ನಿಂತಿದ್ದರು. ಪಂದ್ಯದಲ್ಲಿ ಹೊರಗಿನವರು ಮಾತಾಡುವಂತಿಲ್ಲ. ಹುಡುಗಿ ಒಮ್ಮೆ ಅಪ್ಪನ ಕಡೆ ನೋಡಿದಳು. ಆಮೇಲೆ ರಾಣಿಯನ್ನು ಎತ್ತಿದಳು.

ಮೇಡಂ ತುಟಿ ‘ಹೋಲ್ಡಾನ್’ ಎಂದು ಆಡಿದ್ದನ್ನು ನಾನು ನೋಡಿದೆ. ಸದ್ದು ಬರಲಿಲ್ಲ.

ರಾಣಿ ಹೋಯಿತು. ಚೆಕ್ ಕೊಡಲು ಹುಡುಗಿ ಹಿಂದಿನ ಸಾಲು ಕಾಯುತ್ತಿದ್ದ ಆನೆಯನ್ನೂ ಮುಂದೆ ಒಯ್ದಳು. ಎದುರಾಳಿಯ ರಾಜ ಜಾರಿಕೊಂಡ, ಇವಳು ಅವನ ಬೆನ್ನಿಗೆ ಇನ್ನೊಂದು ಕಾಯಿ ಓಡಿಸಿದಳು. ಅವನ ಆನೆ ನೇರವಾಗಿ ಇವಳ ಹಿಂದಿನ ಸಾಲಿಗೆ ಇಳಿಯಿತು. ರಾಜನ ಮುಂದೆ ಮೂರು ಸೈನಿಕರು, ಕಿಟಕಿ ಇಲ್ಲ. ಹುಡುಗಿ ಅಳುತ್ತಾ ಬಂದು ಅಪ್ಪನನ್ನು ಬಿಟ್ಟು ಮೇಡಂ ಸೊಂಟ ತಬ್ಬಿಕೊಂಡಳು. ಸೆಕ್ರೆಟರಿಗೆ ಅದನ್ನು ಸಹಿಸಲಾಗಲಿಲ್ಲ ಅಂತ ನನ್ನ ಅನುಮಾನ.

ಅವತ್ತು ಸಂಜೆ ಗುಂಪಿಗೆ ಅವರ ಸಂದೇಶ ಬಂತು: ‘ಕಾಯಿ ಕೊಟ್ಟರೆ ಬ್ರಿಲಿಯಂಟ್ ಬರುತ್ತದೆ ಎಂದು ಮೇಡಂ ಅವರೇ ಎಲ್ಲರ ಮುಂದೆ ಹೇಳಿಕೊಟ್ಟಿದ್ದಾರೆ. ಮಕ್ಕಳ ಭವಿಷ್ಯದ ಪ್ರಶ್ನೆ.’ ನೋಡಿ ಈ ಚಂದ! ಬ್ರಿಲಿಯಂಟ್ ಕಲಿಸಲಿಲ್ಲ ಅಂತ ಮೊದಲು ಬೈದರು, ಕಲಿಸಿಬಿಟ್ಟರು ಅಂತ ಆಮೇಲೆ ಬೈದರು. ಬಸ್ಸಿನಲ್ಲಿ ಕುಡಿದು ಬಂದವನೂ ಕಂಡಕ್ಟರಿಗೆ ಇಷ್ಟು ಅನ್ಯಾಯ ಮಾಡುವುದಿಲ್ಲ.

ಮುಂದಿನ ಭಾನುವಾರ ಸಂಘದ ಆಫೀಸಿನಲ್ಲಿ ಸಭೆ. ಏಳು ಜನ. ಅಕ್ಷರ ಚೆನ್ನಾಗಿದೆ ಎಂದು ನಡಾವಳಿ ಪುಸ್ತಕ ಬರೆಯುವುದು ಯಾವಾಗಲೂ ನಾನೇ. ಮಂಟಪವನ್ನು ಹೊರಗಿನ ಒಂದು ಕೋಚಿಂಗ್ ಕೇಂದ್ರಕ್ಕೆ ಕೊಡುವುದು, ಮೇಡಂ ಪಾಠ ನಿಲ್ಲಿಸುವುದು, ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. “ಯಾರಾದ್ರೂ ಏನಾದ್ರೂ ಹೇಳೋದಿದೆಯಾ?” ಎಂದು ಸೆಕ್ರೆಟರಿ ಕೇಳಿದರು. ನನ್ನ ಬಾಯಲ್ಲಿ ಮಾತು ತುಂಬಿತ್ತು. ಎದುರಿಗಿದ್ದವರೆಲ್ಲ ದಿನಾ ಮುಖ ನೋಡುವವರು, ನೀರು ಬರದಿದ್ದರೆ ಫೋನು ಮಾಡಬೇಕಾದವರು. ನಾನು ತಲೆ ತಗ್ಗಿಸಿ ಬರೆದೆ: ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಎಂದಿನಂತೆ ಒಂದು ಪ್ರತಿಯನ್ನು ಪಾರ್ಕಿನ ಗೇಟಿನ ಬೋರ್ಡಿಗೆ ಅಂಟಿಸಲು ಕೊಟ್ಟೆ.

ಆ ಹೊತ್ತಿನಲ್ಲಿ ಮೇಡಂ ಎಲ್ಲಿದ್ದರು ಗೊತ್ತೆ? ಮಂಟಪದಲ್ಲಿ. ಅವತ್ತು ಪಾಠವಿಲ್ಲ ಎಂದು ಅವರಿಗೆ ಹೇಳುವ ಸೌಜನ್ಯ ಕೂಡ ಯಾರಿಗೂ ಇರಲಿಲ್ಲ. ಆರು ಬೋರ್ಡು ಹರಡಿ, ಕಾಯಿ ಜೋಡಿಸಿ, ಬಾರದ ಮಕ್ಕಳಿಗೆ ಕಾಯುತ್ತಿದ್ದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಳಿ, ಕೈಯಲ್ಲಿದ್ದ ಕಾಯನ್ನು ಅದರ ಮನೆಯಲ್ಲಿಟ್ಟರು. ಆಮೇಲೆ ಒಂದೇ ಪ್ರಶ್ನೆ.

“ಯಾರೂ ಬೇಡ ಅನ್ಲಿಲ್ವಾ ಟೀಚರ್?”

“ನಾನಂದೆ ಮೇಡಂ,” ಎಂದೆ. “ನಾನೊಬ್ಬಳು ಬೇಡ ಅಂದೆ. ಯಾರೂ ಕೇಳ್ಲಿಲ್ಲ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವರು ನನ್ನ ಮುಖವನ್ನು ನೋಡಿದರು. “ಅಷ್ಟು ಸಾಕು ಬಿಡಿ,” ಎಂದು ಕಾಯಿಗಳನ್ನು ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುತ್ತಾ ಒಂದೊಂದೇ ಡಬ್ಬಿಗೆ ಹಾಕಿದರು. ನಾನೂ ಸಹಾಯ ಮಾಡಿದೆ.

ಕೋಚಿಂಗ್ ಕೇಂದ್ರ ವರ್ಷ ತುಂಬುವುದರೊಳಗೆ ಕೈಕೊಟ್ಟು ಹೋಯಿತು. ಈಗ ಆ ಮಂಟಪದಲ್ಲಿ ಗಿಡಕ್ಕೆ ನೀರು ಹಾಕುವ ಪೈಪು ಸುತ್ತಿಟ್ಟಿದ್ದಾರೆ. ಮೇಡಂ ಮನೆ ಖಾಲಿ ಮಾಡಿ ಸುಂಕದಕಟ್ಟೆಗೆ ಹೋದರು. ಆಮೇಲೆ ಎಲ್ಲೂ ಪಾಠ ಮಾಡಲಿಲ್ಲ. ಆಗಾಗ ಮಾರ್ಕೆಟ್ಟಿನಲ್ಲಿ, ಬಸ್ ಸ್ಟಾಪಿನಲ್ಲಿ ಸಿಗುತ್ತಿದ್ದರು. ಸಿಕ್ಕಾಗಲೆಲ್ಲ ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, “ಇವರೊಬ್ರೇ ಕಣ್ರೀ ನನ್ ಪರ ಮಾತಾಡಿದ್ದು,” ಅನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು ಬಂದ ದಿನ ನಾನು ಮನೆಯಲ್ಲಿ ಸೆಕ್ರೆಟರಿಯನ್ನು, ಆ ಆ್ಯಪನ್ನು, ಇಡೀ ಬಡಾವಣೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಇಷ್ಟು ಹೊತ್ತು ನಿಮ್ಮೆದುರು ಮಾಡಿದ್ದೂ ಅದನ್ನೇ.

ಹೋದ ತಿಂಗಳು ತೀರಿಕೊಂಡರು. ಹೃದಯದ ತೊಂದರೆ ಇತ್ತಂತೆ, ನನಗೆ ಗೊತ್ತಿರಲಿಲ್ಲ. ಸಂತಾಪ ಸಭೆಗೆ ಅವರ ತಂಗಿಯನ್ನು ಕರೆಸಿದ್ದರು. ಸೆಕ್ರೆಟರಿ ಹತ್ತು ನಿಮಿಷ ಮಾತಾಡಿದರು, ಎರಡು ಸಲ ಕಣ್ಣೊರೆಸಿಕೊಂಡರು. ನಿಜವಾಗಿಯೇ ಅತ್ತರೇನೋ, ಇವತ್ತು ನನಗೆ ಯಾರನ್ನೂ ಬೈಯುವ ಯೋಗ್ಯತೆ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ಟೀಚರ್, ಸರ್ವಾನುಮತದಿಂದ ಸಂತಾಪ ಸೂಚಿಸಲಾಯಿತು ಅಂತ ಬರೀರಿ,” ಎಂದರು.

ಪೆನ್ನು ಕೈಯಲ್ಲಿತ್ತು. ಆ ಪದ ಬರೆಯಲಾಗಲಿಲ್ಲ. ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದೆ, ಐದು ವರ್ಷ ಹಿಂದಕ್ಕೆ. ಎದ್ದು ನಿಂತು ಆ ದಿನದ ನಡಾವಳಿಯನ್ನು ಗಟ್ಟಿಯಾಗಿ ಓದಿದೆ. ಹಾಜರಿದ್ದವರು ಏಳು, ಅದರಲ್ಲಿ ನನ್ನ ಹೆಸರೂ. ವಿರೋಧ, ಯಾರೂ ಇಲ್ಲ. ನಾನು ತಂಗಿಯ ಕಡೆ ನೋಡಿ, “ನಾನು ನಿಮ್ಮಕ್ಕನಿಗೆ ಸುಳ್ಳು ಹೇಳಿದೆ. ನಾನು ಬೇಡ ಅಂದಿರಲಿಲ್ಲ,” ಎಂದೆ.

ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

“ಅಕ್ಕಂಗೆ ಗೊತ್ತಿತ್ತು ಟೀಚರ್. ಗೇಟಿನ ಬೋರ್ಡಲ್ಲಿ ಹಾಕಿದ್ರಲ್ಲ, ಅವತ್ತು ಸಾಯಂಕಾಲಾನೇ ಓದ್ಕೊಂಡು ಬಂದ್ಳು.”

“ಮತ್ತೆ ಸಿಕ್ಕಿದವರಿಗೆಲ್ಲ ನನ್ನ ಬಗ್ಗೆ ಯಾಕೆ ಹಾಗೆ ಹೇಳ್ತಿದ್ರು?”

“ನಾನೂ ಕೇಳ್ದೆ. ‘ಸುಮ್ನಿರೇ, ಟೀಚರ್ ಇನ್ಮೇಲೂ ಈ ಬೀದೀಲೇ ಓಡಾಡ್ಬೇಕು. ಅವ್ರಿಗೊಂದು ಕಿಟಕಿ ಬೇಡ್ವಾ?’ ಅಂದ್ಳು.”

ನಾನು ಕೂತೆ. ಪುಸ್ತಕ ಮಡಿಲಲ್ಲಿ ತೆರೆದೇ ಇತ್ತು.

“ಬರೆದಾಯ್ತಾ ಟೀಚರ್?” ಎಂದರು ಸೆಕ್ರೆಟರಿ.

“ಹೋಲ್ಡಾನ್,” ಅಂದೆ.